ಐರಾಣಿ ಗಡಿಗೆಗೆ ಮೀಸೆ ಬರೆದದ್ದು

ಈ ಜಗತ್ತಿನಲ್ಲಿ ಕಸ ಎಂಬುದೇ ಇಲ್ಲ. ಇರುವುದು ನೋಡುವವರ ಕಣ್ಣಿನ ದೋಷ ಮಾತ್ರ. ಬೇಸಿಗೆ ರಜೆಯ ಒಂದು ಮಧ್ಯಾಹ್ನ, ಸೇಡಂನ ಬಿಸಿಲಿಗೆ ಹೆದರಿ ಕೂಲರ್ ಮುಂದೆ ಅಡ್ಡಾಗಿ ಫೋನಿನಲ್ಲಿ ವಿಡಿಯೋ ನೋಡುತ್ತಿದ್ದಾಗ ಈ ಮಹಾಸತ್ಯ ನನಗೆ ಹೊಳೆಯಿತು. ಸವೆದ ಟೈರು, ಒಡೆದ ಬಕೆಟ್ಟು, ಸೋರುವ ಕುಕ್ಕರು, ಎಲ್ಲವೂ ಹೂಕುಂಡವಾಗಬಲ್ಲವು! ನಮ್ಮ ಅಂಗಳವೂ ನಂದನವನವಾಗಬಲ್ಲದು! ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುವವನು. ಇಷ್ಟು ವರ್ಷ ಬೋರ್ಡಿನ ಮೇಲೆ ವೃತ್ತ ಎಳೆದ ಕೈಗೆ ಕಲೆ ಬಾರದೇ ಇರುತ್ತದೆಯೇ?

ಮೊದಲ ಕೃತಿ, ಸ್ಕೂಟರಿನ ಹಳೆ ಟೈರು ಕತ್ತರಿಸಿ ಮಾಡಿದ ಹಂಸ. ಕತ್ತು ಬಾಗಿಸಿ, ಬಿಳಿ ಬಣ್ಣ ಬಳಿದು, ಹೊಟ್ಟೆಯಲ್ಲಿ ಚೆಂಡುಹೂವಿನ ಸಸಿ ನೆಟ್ಟೆ. ಹೆಂಡತಿ ಮಹಾದೇವಿ ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತ ಬಂದು ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿದಳು.

“ಛಲೋ ಆಗ್ಯಾದ್ರಿ. ಆದ್ರ ಎಮ್ಮಿಗಿ ಬಿಳಿ ಬಣ್ಣ ಯಾಕ ಹಚ್ಚೀರಿ?”

ಮಹಾನ್ ಕಲಾವಿದರಿಗೆ ಮನೆಯಲ್ಲಿ ಬೆಲೆ ಇರುವುದಿಲ್ಲ. ನಾನು ಎದೆಗುಂದಲಿಲ್ಲ. ಕುಕ್ಕರಿನಲ್ಲಿ ತುಳಸಿ ಬಂತು. ಮಗನ ಶಾಲೆ ಚೀಲದಲ್ಲಿ ಪುದೀನಾ ಬಂತು. ಹೆಲ್ಮೆಟ್ಟಿನಲ್ಲಿ ಕೊತ್ತಂಬರಿ ಬೆಳೆದೆ. ಅಂದಿನಿಂದ ಸ್ಕೂಟರ್ ಬಿಟ್ಟು ನಡೆದೇ ಸಂತೆಗೆ ಹೋಗುತ್ತೇನೆ. ಮಹಾದೇವಿ ರೊಟ್ಟಿ ಹಿಟ್ಟು ನಾದುವ ಪರಾತವನ್ನು ನಾನು ಸ್ವಲ್ಪ ಹೊತ್ತು ಪ್ರೀತಿಯಿಂದ ನೋಡಿದ್ದಕ್ಕೇ ಅವಳು ಅದನ್ನು ತಲೆದಿಂಬಿನ ಕೆಳಗೆ ಇಟ್ಟುಕೊಂಡು ಮಲಗತೊಡಗಿದಳು.

ಕೃತಿಗಳಿಗೆ ಒಂದು ಗುರುತು ಬೇಕಲ್ಲ? ಪ್ರತಿ ಕುಂಡಕ್ಕೂ ಒಂದು ಕಪ್ಪು ಕನ್ನಡಕ, ಒಂದು ಹುರಿಮೀಸೆ ಬರೆದೆ. ಗಿಡವೇ ತಲೆಗೂದಲು! ಇದು ಕಲೆಯ ಮಾತು. ಇನ್ನು ವಿಜ್ಞಾನದ ಮಾತು: ಕುಂಡದ ತಳಕ್ಕೆ ತೂತು ಇರಲೇಬೇಕು, ಇಲ್ಲದಿದ್ದರೆ ನೀರು ನಿಂತು ಬೇರು ಕೊಳೆಯುತ್ತದೆ. ಈ ನಿಯಮವನ್ನು ನಾನು ಎಂದೂ ಮುರಿದವನಲ್ಲ.

ನನ್ನ ಕೀರ್ತಿ ಓಣಿಯಲ್ಲೆಲ್ಲ ಹಬ್ಬಿತು. ಜನ ತಮ್ಮ ಮನೆಯ ತೂತಿನ ಕೊಡ, ಕಿವಿಯಿಲ್ಲದ ಕಪ್ಪು, ಕಾಲಿಲ್ಲದ ಕುರ್ಚಿ ತಂದು ನಮ್ಮ ಮನೆ ಮುಂದಿನ ಫರಸಿ ಕಟ್ಟೆಯ ಮೇಲೆ ಇಟ್ಟು ಹೋಗತೊಡಗಿದರು. ಮಹಾದೇವಿ ಇದಕ್ಕೆ ‘ಕಸ ಚೆಲ್ಲೋದು’ ಎಂದಳು. ನಾನು ‘ಕಲಾಸೇವೆ’ ಎಂದೆ. ಒಟ್ಟಿನಲ್ಲಿ ಕಟ್ಟೆಯ ಮೇಲೆ ಬಂದು ಕೂತದ್ದೆಲ್ಲ ನನ್ನದು ಎಂಬುದು ನನ್ನ ಮಟ್ಟಿಗೆ ಕಾನೂನಾಯಿತು.

ಹೀಗಿರಲು, ಪಕ್ಕದ ಮನೆ ಶರಣಪ್ಪನವರ ಮಗಳು ಅಂಬಿಕಾಳ ಮದುವೆ ಬಂತು. ಶರಣಪ್ಪ ಫರಸಿ ಕಲ್ಲಿನ ವ್ಯಾಪಾರಿ. ಮದುವೆಯ ಹಿಂದಿನ ದಿನ ಮಹಾದೇವಿ ಬೆಳಗಾಗುವ ಮೊದಲೇ ಅವರ ಮನೆಗೆ ರೊಟ್ಟಿ ಬಡಿಯಲು ಹೋದಳು. ನಾನು ಗುಜರಿ ಅಂಗಡಿಗೆ ಹೋದೆ. ತಿರುಗಿ ಬಂದಾಗ ನಮ್ಮ ಕಟ್ಟೆಯ ಮೇಲೆ ಐದು ಗಡಿಗೆಗಳು! ಸುಣ್ಣ ಬಳಿದು, ಕೆಂಪು ಹಸಿರು ಗೆರೆ ಎಳೆದ ಐರಾಣಿ ಗಡಿಗೆಗಳು. ಮದುವೆಗೆ ಕುಂಬಾರರ ಮನೆಯಿಂದ ಬಾಜಾ ಬಜಂತ್ರಿಯೊಂದಿಗೆ ತರುತ್ತಾರಲ್ಲ, ಅವೇ. ಮೇಲೊಂದು ಹಸಿರು ಖಣ ಹೊದಿಸಿತ್ತು.

ಗಣಿತದವನು ನಾನು. ಕ್ರಮವಾಗಿ ವಿಚಾರ ಮಾಡಿದೆ. ಐರಾಣಿ ಗಡಿಗೆ ಇರುವುದು ಕುಂಬಾರರ ಮನೆಯಲ್ಲಿ, ಇಲ್ಲವೇ ಮದುವೆ ಮನೆಯಲ್ಲಿ. ನಮ್ಮ ಮನೆ ಎರಡೂ ಅಲ್ಲ. ಆದ್ದರಿಂದ ಇವು ಎಂದೋ ಮುಗಿದ ಮದುವೆಯ ಗಡಿಗೆಗಳು. ಯಾರೋ ರಸಿಕರು ನನಗೆ ಅರ್ಪಿಸಿದ್ದಾರೆ. ಸಾಧಿಸಿದ್ದಾಯಿತು!

ನಾಳೆ ಬರುವ ಬೀಗರು ಗೋಡೆಯಾಚೆಯಿಂದ ನೋಡಿ ಬೆರಗಾಗಬೇಕು ಎಂದುಕೊಂಡು ಕೆಲಸಕ್ಕೆ ನಿಂತೆ. ತೂತು ಹಾಕಲು ಡ್ರಿಲ್ ಬೇಕಿತ್ತು. ಅದು ಇದ್ದದ್ದು ಶರಣಪ್ಪನವರ ಹತ್ತಿರವೇ. ಅವರು ಪೆಂಡಾಲಿನವರ ಜೊತೆ ಜಗಳದಲ್ಲಿದ್ದರು.

“ತೊಗೊಳ್ರಿ ಮಾಸ್ತರ್. ಯಾನ್ ತೂತು ಹಾಕಾಕತ್ತೀರಿ?”

“ಗಡಿಗಿಗಿ ಹಾಕಬೇಕ್ರಿ.”

“ಹಾಕ್ರಿ, ಹಾಕ್ರಿ! ಸಾವಕಾಶ ಹಾಕ್ರಿ, ಒಡದಾವು!”

ಎಂಥ ಉದಾರ ಮನುಷ್ಯ! ಸಾವಕಾಶವಾಗಿಯೇ ಹಾಕಿದೆ. ಐದಕ್ಕೆ ಐದೂ ತೂತು, ಒಂದೂ ಬಿರುಕಿಲ್ಲ. ಮಣ್ಣು ತುಂಬಿದೆ. ಎರಡಕ್ಕೆ ಮನಿ ಪ್ಲಾಂಟ್, ಎರಡಕ್ಕೆ ಲೋಳಸರ, ಒಂದಕ್ಕೆ ಪುದೀನಾ. ಮೇಲೆ ಕನ್ನಡಕ, ಮೀಸೆ. ಕುಂಚ ಒರೆಸಲು ಬಟ್ಟೆ ಬೇಕಾಗಿತ್ತು. ಹಸಿರು ಖಣ ಕೈಗೆ ಸಿಕ್ಕಿತು. ಎಲ್ಲ ಮುಗಿದ ಮೇಲೆ ಬಿಸಿಲು ಬೀಳದಿರಲೆಂದು ಬೆಡ್‌ಶೀಟು ಮುಚ್ಚಿದೆ.

ಸಂಜೆ ಹಲಗೆಯ ಸದ್ದು ಕೇಳಿತು. ಹಿಂದೆಯೇ ಸನಾದಿ. ಇಣುಕಿ ನೋಡಿದರೆ ಹೊಸ ಸೀರೆ ಉಟ್ಟ ಹೆಂಗಸರ ದಂಡು ಆರತಿ ಹಿಡಿದು ನಮ್ಮ ಮನೆಗೇ ಬರುತ್ತಿದೆ! ಮುಂದೆ ಶರಣಪ್ಪನವರ ಹೆಂಡತಿ ಕಾಶಮ್ಮ, ಅವರ ಪಕ್ಕದಲ್ಲಿ ನಗುತ್ತ ನನ್ನ ಮಹಾದೇವಿ. ನನ್ನ ಎದೆ ಉಬ್ಬಿತು. ಸನ್ಮಾನ! ಓಡಿಹೋಗಿ ಇಸ್ತ್ರಿ ಅಂಗಿ ಹಾಕಿಕೊಂಡು, ತಲೆ ಬಾಚಿ ಬಾಗಿಲಲ್ಲಿ ನಿಂತೆ.

“ಏನ್ ಕುಂಬಾರಣ್ಣಾ, ಎಲ್ಲಾ ತಯಾರ್ ಅದ ಏನು?” ಎಂದರು ಕಾಶಮ್ಮ.

ಕುಂಡದ ಕಲಾವಿದನಿಗೆ ಇದಕ್ಕಿಂತ ದೊಡ್ಡ ಬಿರುದು ಯಾವುದಿದೆ? “ಎಲ್ಲಾ ನಿಮ್ಮ ಆಶೀರ್ವಾದರಿ ಅಕ್ಕಾ” ಎಂದು ತಲೆ ಬಾಗಿಸಿದೆ. ಬಾಗಿದ ತಲೆಗೆ ರುಮಾಲು ಸುತ್ತಿದರು. ಕುಂಕುಮ ಹಚ್ಚಿದರು. ಮಡಿಲಿಗೆ ಜೋಳ, ಅಕ್ಕಿ, ತೆಂಗಿನಕಾಯಿ ಬಿತ್ತು. ನನ್ನ ಕಣ್ಣು ತುಂಬಿ ಬಂತು. ಗಂಟಲು ಸರಿಪಡಿಸಿಕೊಂಡು ಭಾಷಣ ಸುರು ಮಾಡಿದೆ: “ಮಾನ್ಯ ಮಹಿಳೆಯರೇ, ಈ ಜಗತ್ತಿನಲ್ಲಿ ಕಸ ಎಂಬುದೇ ಇಲ್ಲ...”

“ಅಲ್ರಿ,” ಮಹಾದೇವಿ ಮೊಣಕೈಯಿಂದ ತಿವಿದಳು, “ಸುಮ್ ಗಡಿಗಿ ತೋರಸ್ರಿ!”

ಬೆಡ್‌ಶೀಟಿನ ಕಡೆ ಕೈ ಮಾಡಿದೆ. ಕಾಶಮ್ಮ ಕರಗಿಹೋದರು. “ನೋಡ್ರೆವ್ವಾ, ಮಾಸ್ತರ್ ಎಷ್ಟು ಜೋಪಾನ ಮಾಡ್ಯಾರ! ಕುಂಬಾರ ಇರೋದು ಕುರಕುಂಟಾದಾಗ. ಅಷ್ಟು ದೂರ ಬಾಜಾ ತೊಗೊಂಡು ಹೋಗಲಿಕ್ಕಾಗ್ತದೇನು? ಅದಕ್ಕೇ ಮುಂಜಾನಿ ಆಟೋದಾಗ ತರಿಸಿ ಇವರ ಕಟ್ಟಿ ಮ್ಯಾಲ ಇಡಿಸಿದ್ವಿ. ಇವತ್ತ ಇದೇ ಕುಂಬಾರರ ಮನಿ!”

ಬೆಡ್‌ಶೀಟಿನ ತುದಿ ಆಗಲೇ ನನ್ನ ಕೈಯಲ್ಲಿತ್ತು. ಕೈ ಎಳೆದುಬಿಟ್ಟಿತು.

ಐದು ಮೀಸೆಗಳು ಒಟ್ಟಿಗೆ ಹೊರಬಂದವು.

ಹಲಗೆ ನಿಂತಿತು. ಸನಾದಿ ಒಂದು ವಿಚಿತ್ರ ಸ್ವರ ಹೊರಡಿಸಿ ಪ್ರಾಣ ಬಿಟ್ಟಿತು. ತೆಲುಗು ಗಡಿಯ ಕುಂಚಾವರಂನಿಂದ ಬಂದಿದ್ದ ಅಂಬಿಕಾಳ ಸೋದರತ್ತೆ “ಅಯ್ಯಯ್ಯೋ, ಏಮಿಟಿದಿ, ಏನಿದು!” ಎಂದು ಕಟ್ಟೆಯ ಮೇಲೆ ಕುಸಿದರು. ಒಂದು ಗಡಿಗೆ ಎತ್ತಿ ತಳ ನೋಡಿದ ಕಾಶಮ್ಮನ ತೋರುಬೆರಳು ಸಲೀಸಾಗಿ ಒಳಗೆ ಹೋಯಿತು. ಗದ್ದಲ ಕೇಳಿ ಓಡಿಬಂದ ಶರಣಪ್ಪ ಆ ತೂತನ್ನು ನೋಡಿದರು, ಕಟ್ಟೆಯ ಮೇಲಿದ್ದ ತಮ್ಮ ಡ್ರಿಲ್ ನೋಡಿದರು, ಆಮೇಲೆ ಆಕಾಶ ನೋಡಿದರು.

“ಖಾಲಿ ಗಡಿಗಿ ಮದಿವಿ ಮನಿಗಿ ಬರಬಾರದು. ನೀರು ತುಂಬಿಕೊಂಡೇ ಬರಬೇಕು. ಆ ನೀರು ಬಿದ್ದ ಮ್ಯಾಲೇ ಮದಿಮಗಳ ಅರಿಷಿಣ,” ಕಾಶಮ್ಮನ ದನಿ ಒಡೆಯಿತು. “ಈ ಹೊತ್ತಿನಾಗ ಬ್ಯಾರೆ ಗಡಿಗಿ ಎಲ್ಲಿಂದ ತರಲಿ?”

ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಅಂಬಿಕಾ ನಮ್ಮ ಅಂಗಳದಲ್ಲಿ ಆಡಿ, ನನ್ನ ಹತ್ತಿರವೇ ಲೆಕ್ಕ ಕಲಿತ ಹುಡುಗಿ. ಅವಳ ಮದುವೆಗೆ ನಾನು ಕೊಟ್ಟ ಉಡುಗೊರೆ ಐದು ತೂತು! ತಲೆಯ ಮೇಲಿನ ರುಮಾಲು ಮೆಲ್ಲಗೆ ಬಿಚ್ಚತೊಡಗಿದೆ.

“ಕುಂಬಾರಗ ವರ್ಷ, ದೊಣ್ಣಿಗಿ ನಿಮಿಷ,” ಎನ್ನುತ್ತ ಶರಣಪ್ಪನವರ ತಾಯಿ, ಓಣಿಗೆಲ್ಲ ಆಯಿ, ಕೋಲೂರಿಕೊಂಡು ಮುಂದೆ ಬಂದರು. “ಅಳೋದು ಬಿಡು ಕಾಶಿ. ಮಹಾದೇವಿ, ಜೋಳದ ಹಿಟ್ಟು ಬಿಗಿಯಾಗಿ ನಾದು. ಏ ದೊಣ್ಣಿ, ನೀ ಮಣ್ಣು ಚೆಲ್ಲು!”

ದೊಣ್ಣೆ ಮಣ್ಣು ಚೆಲ್ಲಿತು. ಗಡಿಗೆ ತೊಳೆಯಿತು. ಮಹಾದೇವಿ ತೂತುಗಳಿಗೆ ಹಿಟ್ಟು ಮೆತ್ತಿದಳು. ಮೀಸೆ ಮಾತ್ರ ಎಷ್ಟು ತಿಕ್ಕಿದರೂ ಹೋಗಲಿಲ್ಲ. ನಾನು ಎಂದೂ ಅಗ್ಗದ ಬಣ್ಣ ತಂದವನಲ್ಲ.

ನೀರು ತುಂಬಿ, ಪೂಜೆ ಮಾಡಿ ಮೆರವಣಿಗೆ ಹೊರಟಿತು. ನಾಲ್ಕು ಹೆಜ್ಜೆ ಇಟ್ಟಿರಲಿಲ್ಲ, ಹಿಟ್ಟು ಮೆತ್ತಗಾಗಿ ಹನಿ ಸುರುವಾಯಿತು. ಮೊದಲು ಕುಂಚಾವರಂ ಅತ್ತೆಯ ತಲೆ ಮೇಲೆ, ಆಮೇಲೆ ಎಲ್ಲರ ಮೇಲೆ. ಈಗ ನನ್ನ ಕಥೆ ಮುಗಿಯಿತು ಎಂದುಕೊಂಡು ಕಣ್ಣು ಮುಚ್ಚಿದೆ.

ಆದರೆ ಅದು ಮೇ ತಿಂಗಳು. ನಮ್ಮ ಸೇಡಂನ ಮೇ ತಿಂಗಳು!

“ಏ, ತಂಪು ಅನಸ್ತದಲ್ಲವಾ!” ಎಂದು ಯಾರೋ ಕೂಗಿದರು. “ಇತ್ತ ಕೊಡ್ರಿ, ನಾನೂ ಸ್ವಲ್ಪ ಹೊರತೀನಿ!” ಗಡಿಗೆ ಹೊರಲು ನೂಕುನುಗ್ಗಲೇ ಆಯಿತು. ಹಲಗೆಯವನಿಗೆ ಹುರುಪು ಬಂತು. ಅತ್ತೆ ಕುಣಿದರು. ಹೊಸ್ತಿಲಲ್ಲಿ ನಿಂತಿದ್ದ ಅಂಬಿಕಾ ಮೀಸೆಯ ಗಡಿಗೆಗಳು ಹನಿಯುತ್ತ ಬರುವುದನ್ನು ಕಂಡು ಹೊಟ್ಟೆ ಹಿಡಿದುಕೊಂಡು ನಕ್ಕಳು. ಆ ನಗು ನೋಡಿ ಕಾಶಮ್ಮನೂ ಕಣ್ಣೊರೆಸಿಕೊಂಡು ನಕ್ಕರು. ಗಡಿಗೆಗಳಲ್ಲಿ ಉಳಿದಿದ್ದ ನೀರು ಅವಳ ಅರಿಶಿಣಕ್ಕೆ ಸರಿಹೋಯಿತು.

ಈಗ ಅಂಬಿಕಾ ಶಹಾಬಾದಿನಲ್ಲಿ ಸುಖವಾಗಿದ್ದಾಳೆ. ನಮ್ಮ ಓಣಿಯಲ್ಲಿ ಮದುವೆಗಳು ನಡೆಯುತ್ತಲೇ ಇವೆ. ಐರಾಣಿ ಗಡಿಗೆ ಬಂದ ದಿನ ಮಹಾದೇವಿ ಬೆಳಿಗ್ಗೆಯೇ ಕೋಣೆಗೆ ಹೊರಗಿನಿಂದ ಬೀಗ ಹಾಕಿ, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾಳೆ. ಗಡಿಗೆಗಳು ಎಂದಿನಂತೆ ಬಯಲಿನಲ್ಲಿ, ಕಟ್ಟೆಯ ಮೇಲೇ ಇರುತ್ತವೆ.

ಕೋಣೆಯೊಳಗೆ ಇರುವವನು ನಾನು.