ಎಕ್ಸ್‌ರೇಯಲ್ಲಿ ಸಿಕ್ಕ ಸ್ಕ್ರೂ

ಗಡಿಯಾರ ರಿಪೇರಿಯವನ ಚಿಮಟದಿಂದ ಒಂದು ಸ್ಕ್ರೂ ಚಿಮ್ಮಿ ಮಾಯವಾಯಿತು. ಮೂವತ್ತು ವರ್ಷದಲ್ಲಿ ಅವನು ಕಳೆದ ಮೊದಲ ಸ್ಕ್ರೂ ಅದು. ಕೈಗಡಿಯಾರ ನಿವೃತ್ತ ಹೆಡ್‌ಮಿಸ್ಟ್ರೆಸ್ಸರದು, ಅವರ ತಂದೆಯ ಕಾಲದ್ದು. ಅಂಥ ಸ್ಕ್ರೂ ಈಗ ಎಲ್ಲೂ ಸಿಗುವುದಿಲ್ಲ. ಸಂಜೆ ಐದಕ್ಕೆ ಬರುತ್ತೇನೆ ಎಂದಿದ್ದರು. ಮೂರನೇ ಕ್ಲಾಸಿನಲ್ಲಿ ಅವನ ಕಿವಿ ಹಿಂಡಿದ್ದವರು ಅವರೇ.

ಒಂದು ತಿಂಗಳಿಂದ ಅವನ ಹೆಬ್ಬೆರಳು, ತೋರುಬೆರಳು ಜುಮ್ಮೆನ್ನುತ್ತಿದ್ದವು. ಬೆರಳಿಗೆ ಎಣ್ಣೆ, ಮುಲಾಮು ಎಲ್ಲ ಆಗಿತ್ತು. ಈಗ ಮೇಜಿನ ಕೆಳಗೆ ಬಗ್ಗಿದ್ದೇ ತಡ, ಕತ್ತಿನಿಂದ ಹೆಬ್ಬೆರಳಿನವರೆಗೆ ಕರೆಂಟ್ ಹೊಡೆದಂತಾಗಿ ಅಲ್ಲೇ ಕುಸಿದು ಕೂತ. ಕೈಯ ಕಸುಬೇ ಮುಗಿಯಿತೇನೋ ಎಂದು ಅವನಿಗೆ ನಿಜವಾಗಿಯೂ ಭಯವಾಯಿತು.

ಪಕ್ಕದಂಗಡಿಯ ಟೈಲರ್ ಓಡಿಬಂದ. ಟೈಲರನ ಕನ್ನಡಕದ ಒಂದು ಕಡ್ಡಿ ಎರಡು ವರ್ಷದಿಂದ ಕಪ್ಪು ದಾರದಲ್ಲಿ ನೇತಾಡುತ್ತಿತ್ತು. ಬೇರೆ ಸ್ಕ್ರೂ ಹಾಕಿಕೊಡುತ್ತೇನೆಂದು ಗಡಿಯಾರದವನು ಹೇಳಿದರೆ, "ನಂದು ಇಲ್ಲೇ ಎಲ್ಲೋ ಬಿದ್ದಿದೆ, ಸಿಗುತ್ತೆ ಬಿಡಿ" ಎನ್ನುವ ಆಸಾಮಿ.

"ಅಣ್ಣ, ತೊಂದರೆ ಬೆರಳಲ್ಲಿಲ್ಲ, ಕತ್ತಲ್ಲಿದೆ. ನಂಗೂ ಹಿಂಗೇ ಆಗಿತ್ತು" ಎಂದು ತನ್ನ ಹಳೆಯ ಕತ್ತುಪಟ್ಟಿ ತಂದ. ಅದಕ್ಕೆ ಅವನೇ ಹೊಲಿದಿದ್ದ ಬಟ್ಟೆಯ ಗವಸು ಒಂದು ಕಡೆ ಬಾಯಿ ಬಿಟ್ಟಿತ್ತು.

"ಬೆರಳು ಜುಮ್ಮಂದ್ರೆ ಕತ್ತಿಗೆ ಯಾಕಯ್ಯ ಪಟ್ಟಿ?"

"ಮುಳ್ಳು ನಿಂತ್ರೆ ನೀವು ಮುಳ್ಳಿಗೇ ಎಣ್ಣೆ ಬಿಡ್ತೀರಾ?"

ಗಡಿಯಾರದವನು ಪಟ್ಟಿ ಕಟ್ಟಿಸಿಕೊಂಡ. ಮುಳ್ಳು ನಿಂತರೆ ಅವನು ನೋಡುವುದು ಒಳಗಿನ ಚಕ್ರವನ್ನು. ತನ್ನೊಳಗಿನ ಚಕ್ರ ಹೇಗಿದ್ದೀತು ಎಂಬ ಕುತೂಹಲ ನೋವನ್ನೂ ಮರೆಸಿತು.

ಮಧ್ಯಾಹ್ನದವರೆಗೆ ಟೈಲರ್ ನೆಲದ ಮೇಲೆಲ್ಲ ಅಯಸ್ಕಾಂತ ಆಡಿಸಿದ. ಸಿಕ್ಕಿದ್ದು ಅವನದೇ ಅಂಗಡಿಯ ಹನ್ನೊಂದು ಗುಂಡುಸೂಜಿ. ಆಮೇಲೆ ಇಬ್ಬರೂ ಆಸ್ಪತ್ರೆಗೆ ಹೋದರು. ಎಕ್ಸ್‌ರೇ ತೆಗೆಯುವವನು ಪಟ್ಟಿ ಬಿಚ್ಚಲು ಹೇಳಿದರೆ ಟೈಲರ್ ಅಡ್ಡ ನಿಂತ. "ಬಿಚ್ಚಿ ಕತ್ತು ಹೋದ್ರೆ ನೀವು ಬೇರೆ ಕೊಡ್ತೀರಾ?" ವಾದಕ್ಕೆ ಸುಸ್ತಾಗಿ ಅವನು ಪಟ್ಟಿಯ ಮೇಲೆಯೇ ತೆಗೆದ.

ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದರು. "ಈ ಐದು, ಆರನೇ ಮೂಳೆ ಮಧ್ಯೆ ಸಂದು ಕಿರಿದಾಗಿದೆ. ಅಲ್ಲಿ ನರ ಒತ್ತಿದ್ರೆ ಬೆರಳು ಜುಮ್ಮನ್ನುತ್ತೆ." ಹಾಗೇ ಅವರ ಹುಬ್ಬು ಮೇಲೇರಿತು. "ಕತ್ತಿನ ಆಪರೇಷನ್ ಯಾವಾಗ ಆಯ್ತು?"

"ಆಗೇ ಇಲ್ಲವಲ್ಲ."

"ಮತ್ತೆ ಈ ಸ್ಕ್ರೂ?"

ಮೂಳೆಯ ಪಕ್ಕದಲ್ಲಿ ಪುಟ್ಟದೊಂದು ಸ್ಕ್ರೂ ಬೆಳ್ಳಗೆ ಹೊಳೆಯುತ್ತಿತ್ತು. ಗಡಿಯಾರದವನ ಕಣ್ಣು ತುಂಬಿಬಂತು. "ಅದು ನಂದೇ ಡಾಕ್ಟ್ರೇ. ಬೆಳಗ್ಗೆ ಚಿಮ್ಮಿ ಅಂಗಿ ಕಾಲರಿಗೆ ಬಿದ್ದಿದೆ, ಅಲ್ಲಿಂದ ಪಟ್ಟಿಯೊಳಕ್ಕೆ."

ಬಗ್ಗಬೇಡಿ, ಮೇಜು ಎತ್ತರಿಸಿ, ವ್ಯಾಯಾಮ ಮಾಡಿ ಎಂದು ಡಾಕ್ಟರು ಹೇಳಿದ್ದು ಅರ್ಧಂಬರ್ಧ ಕೇಳಿಸಿತು. ಇಲ್ಲಿ ಬಿಚ್ಚಿದರೆ ಸ್ಕ್ರೂ ಮತ್ತೆ ಎಲ್ಲಿ ಉರುಳುವುದೋ ಎಂದು ಅವನು ಪಟ್ಟಿಯನ್ನು ಎರಡೂ ಕೈಯಲ್ಲಿ ಅದುಮಿ ಹಿಡಿದು, ತುಂಬಿದ ಕೊಡ ಹೊತ್ತವರ ಹಾಗೆ ಕತ್ತು ಅಲುಗಿಸದೆ ಬಿರಬಿರನೆ ಅಂಗಡಿಗೆ ನಡೆದ.

ಐದಕ್ಕೆ ಹತ್ತು ನಿಮಿಷವಿತ್ತು. ಹೆಡ್‌ಮಿಸ್ಟ್ರೆಸ್ಸರು ಆಗಲೇ ಸ್ಟೂಲಿನ ಮೇಲೆ ಕೂತಿದ್ದರು. "ಆಯ್ತೇನೋ?"

"ಇನ್ನೇನು ಮೇಡಂ, ಒಂದೇ ಸ್ಕ್ರೂ."

ಟೈಲರ್ ಪಟ್ಟಿ ಕಳಚಿ, ಗವಸು ಬಿಚ್ಚಿ ಕೊಡವಿದ. ಬಿಳಿ ಕಾಗದದ ಮೇಲೆ ಸ್ಕ್ರೂ ಬಿತ್ತು. ಗಡಿಯಾರದವನು ಕಣ್ಣಿಗೆ ಮಸೂರ ಸಿಕ್ಕಿಸಿ ನೋಡಿದ. ಮತ್ತೊಮ್ಮೆ ನೋಡಿದ. ಆಮೇಲೆ ಮಸೂರ ತೆಗೆದು ಟೈಲರನ ಮುಖ ನೋಡಿದ.

"ಇದು ಗಡಿಯಾರದ್ದಲ್ಲ ಕಣಯ್ಯ. ಕನ್ನಡಕದ್ದು."

ಎರಡು ವರ್ಷದ ಮೇಲೆ ಟೈಲರನ ಕನ್ನಡಕ ನೆಟ್ಟಗೆ ಕೂತಿತು. ಜುಮ್ಮೆನ್ನುವ ಬೆರಳಲ್ಲೇ ಆ ಸ್ಕ್ರೂ ತಿರುಗಿಸಿಕೊಟ್ಟವನೂ ಗಡಿಯಾರದವನೇ. ಟೈಲರ್ ಅವನ ಬೆನ್ನು ಸವರಿದ.

"ಚಿಂತೆ ಮಾಡ್ಬೇಡಿ ಅಣ್ಣ, ನಿಮ್ದೂ ಇಲ್ಲೇ ಎಲ್ಲೋ ಇರುತ್ತೆ. ನಂದು ಸಿಗೋಕೆ ಎರಡೇ ವರ್ಷ ತಾನೇ ಹಿಡಿದಿದ್ದು?"

ಹೆಡ್‌ಮಿಸ್ಟ್ರೆಸ್ಸರು ಸ್ಟೂಲಿನಿಂದ ಎದ್ದರು. ಗಡಿಯಾರದವನು ಪಟ್ಟಿಯನ್ನು ಮತ್ತೆ ಎತ್ತಿಕೊಂಡು, ಈ ಸಲ ಕಿವಿ ಮುಚ್ಚುವಷ್ಟು ಮೇಲಕ್ಕೆ ಕಟ್ಟಿಕೊಂಡ.