ಹರವಿಯ ಮುಚ್ಚಳದ ಮೇಲೆ ಫೋನು

ಶಿಗ್ಗಾಂವದ ಕಾಲೇಜೊಂದರಲ್ಲಿ ನಾನು ಎಲೆಕ್ಟ್ರಾನಿಕ್ಸ್ ಕಲಿಸುತ್ತೇನೆ. ಮೊಬೈಲ್ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಬೋರ್ಡಿನ ಮೇಲೆ ಬಿಡಿಸಿ ತೋರಿಸಬಲ್ಲೆ. ಅಂಥವನ ಮನೆಯಲ್ಲೇ ಸಿಗ್ನಲ್ ಸಿಗುವುದಿಲ್ಲ ಎಂದರೆ ಅದು ಬರೀ ತೊಂದರೆಯಲ್ಲ, ಮಾನದ ಪ್ರಶ್ನೆ!

ನನ್ನ ಹೆಂಡತಿ ಗಿರಿಜಾ ಚಿಕ್ಕೇರೂರಿನ ಶಾಲೆಯಲ್ಲಿ ಶಿಕ್ಷಕಿ. ಅಲ್ಲೇ ಒಂದು ಕೋಣೆ ಹಿಡಿದಿದ್ದಾಳೆ. ಶನಿವಾರ ಬಸ್ಸು ಬದಲಿಸುತ್ತ ಬಂದರೆ ಸೋಮವಾರ ನಸುಕಿನಲ್ಲಿ ಹೊರಟುಬಿಡುತ್ತಾಳೆ. ನಮ್ಮ ತಾಲೂಕಿನಿಂದ ಆ ಕಡೆ ಹೋಗಲು ಒಪ್ಪುವ ಶಿಕ್ಷಕರೊಬ್ಬರು ಸಿಕ್ಕರೆ ಇಬ್ಬರೂ ಜಾಗ ಅದಲುಬದಲು ಮಾಡಿಕೊಳ್ಳಬಹುದು, ಅವಳು ದಿನಾ ಮನೆಗೇ ಬರಬಹುದು. ಅಂಥ ಪುಣ್ಯಾತ್ಮರಿಗಾಗಿ ನಾವಿಬ್ಬರೂ ಕಾಯುತ್ತಲೇ ಇದ್ದೆವು. ಅಲ್ಲಿಯವರೆಗೆ ನಮ್ಮ ಸಂಸಾರವೆಲ್ಲ ಸಂಜೆಯ ಫೋನಿನಲ್ಲಿ.

ವಾರದ ನಡುವೆ ಮನೆ ಬಿಕೋ ಎನ್ನುತ್ತದೆ. ಕೀಲಿ ತೆಗೆದು ಒಳಗೆ ಬಂದರೆ ಬೆಳಿಗ್ಗೆ ಎಸೆದುಹೋದ ಟವೆಲ್ಲು ಎಸೆದಲ್ಲೇ ಬಿದ್ದಿರುತ್ತದೆ. ಚಹಾಕ್ಕೆ ಇಡಲು ನಿಂತರೆ ಕೈ ತಾನಾಗಿಯೇ ಇಬ್ಬರಿಗಾಗುವಷ್ಟು ನೀರು ಹಾಕುತ್ತದೆ. ಎರಡನೆಯ ಕಪ್ಪನ್ನೂ ನಾನೇ ಕುಡಿಯುತ್ತೇನೆ, ಆರಿದ ಮೇಲೆ. ಇಂಥದರಲ್ಲಿ ಆ ಒಂದು ಫೋನೂ ತುಂಡು ತುಂಡಾಗಿ ಕೇಳಿಸತೊಡಗಿದರೆ ಸುಮ್ಮನೆ ಕೂರುವುದು ಹೇಗೆ? ಶಾಸ್ತ್ರೋಕ್ತವಾಗಿ ಅಳೆದು, ಮನೆಯಲ್ಲಿ ಸಿಗ್ನಲ್ ಅತ್ಯುತ್ತಮವಾಗಿರುವ ಸ್ಥಳವನ್ನು ಕಂಡುಹಿಡಿದೇ ತೀರುವೆನೆಂದು ಸಂಕಲ್ಪ ಮಾಡಿದೆ.

ಸಿಗ್ನಲ್ ಅಳೆಯುವ ಆ್ಯಪುಗಳು ಬೇಕಾದಷ್ಟಿವೆ. ಒಂದನ್ನೇ ನಂಬುವುದು ನನ್ನಂಥವನಿಗೆ ಶೋಭೆಯಲ್ಲ ಎಂದು ಕಂಡದ್ದನ್ನೆಲ್ಲ ಹಾಕಿಕೊಂಡೆ. ಕಾಲೇಜಿನಿಂದ ಸೀಮೆಸುಣ್ಣ ತಂದೆ. ಹೊಸ್ತಿಲು, ಪಡಸಾಲೆ, ಮಾಳಿಗೆಯ ಮೆಟ್ಟಿಲು, ಬಚ್ಚಲು, ಎಲ್ಲ ಕಡೆ ನಿಂತು ಅಳೆದೆ. ಅಳೆದಲ್ಲೆಲ್ಲ ನೆಲದ ಮೇಲೆ ಒಂದು ವೃತ್ತ ಎಳೆದು, ಒಳಗೆ ಅಂಕಿ ಬರೆದೆ. ಸಿಗ್ನಲ್ ಚೆನ್ನಾಗಿದ್ದ ವೃತ್ತಗಳಲ್ಲಿ ಗುರುತಿಗೆಂದು ಒಂದೊಂದು ನಿಂಬೆಹಣ್ಣು ಇಟ್ಟೆ. ಕೈಗೆ ಸಿಕ್ಕಿದ್ದು ಅದೇ!

ಪಕ್ಕದ ಮನೆಯ ಪಾರವ್ವನ ಹತ್ತಿರ ನಮ್ಮ ಮನೆಯ ಇನ್ನೊಂದು ಕೀಲಿ ಇರುತ್ತದೆ. ಮರುದಿನ ನನಗೆ ರೊಟ್ಟಿ ಇಟ್ಟುಹೋಗಲು ಬಂದ ಆಕೆ ವೃತ್ತ, ಅಂಕಿ, ನಿಂಬೆಹಣ್ಣು ನೋಡಿ ನಿಂತಲ್ಲೇ ಬೆವತಳಂತೆ. ನಾನು ಕಾಲೇಜಿನಿಂದ ಬರುವಷ್ಟರಲ್ಲಿ ಮನೆಯನ್ನೆಲ್ಲ ಅರಿಷಿಣದ ನೀರಿನಿಂದ ತೊಳೆದು, ನಿಂಬೆಹಣ್ಣುಗಳನ್ನು ಮೂರು ದಾರಿ ಕೂಡುವಲ್ಲಿ ಒಯ್ದು ಎಸೆದು ಬಂದಿದ್ದಳು.

"ಯಾರೋ ನಿಮ್ಮ ಮ್ಯಾಲ ಮಾಟ ಮಾಡ್ಯಾರ್ರಿ ಸರ," ಎಂದಳು. "ಅಕ್ಕಾರು ಮನ್ಯಾಗಿಲ್ಲ ಅನ್ನೂದು ನೋಡೇ ಮಾಡ್ಯಾರ."

ಗಿರಿಜಾ ಶಿಕ್ಷಕಿಯಾದ್ದರಿಂದ ಓಣಿಗೆಲ್ಲ ಅಕ್ಕಾರು. ಮಾಟ ಮಾಡಿದವನು ನಾನೇ ಎಂದು ಹೇಳುವ ಧೈರ್ಯ ನನಗೆ ಬರಲಿಲ್ಲ.

ಮತ್ತೆ ಮೊದಲಿನಿಂದ ಅಳೆದೆ, ಈ ಸಲ ಸುಣ್ಣವಿಲ್ಲದೆ. ಅತ್ಯುತ್ತಮ ಸ್ಥಳ ಸಿಕ್ಕಿತು. ಅದು ಅಡುಗೆಮನೆಯ ಮೂಲೆಯಲ್ಲಿ ಕುಡಿಯುವ ನೀರಿನ ಮಣ್ಣಿನ ಹರವಿ ಇದ್ದ ಜಾಗ. ಆ್ಯಪುಗಳೆಲ್ಲ ಹಗಲೂ ರಾತ್ರಿ ಅಳೆಯುತ್ತಿದ್ದುದರಿಂದ ಫೋನು ಹಂಚಿನ ಮೇಲಿನ ರೊಟ್ಟಿಯ ಹಾಗೆ ಕಾದಿರುತ್ತಿತ್ತು. ಅದಕ್ಕೂ ಹರವಿಯ ತಣ್ಣನೆಯ ಮುಚ್ಚಳ ಅನುಕೂಲವೇ ಆಯಿತು. ಫೋನನ್ನು ಮುಚ್ಚಳದ ಮೇಲಿಟ್ಟು, ಕುಕ್ಕರಗಾಲಿನಲ್ಲಿ ಕುಳಿತು, ಕಿವಿಯನ್ನು ಹರವಿಗೆ ಹಚ್ಚಿ, ಕಣ್ಣು ಅಂಕಿಯ ಮೇಲಿಟ್ಟು ಸಂಸಾರ ಮಾಡತೊಡಗಿದೆ. "ಕೇಳಸ್ತೈತೇನ? ಈಗ? ಈಗರೆ?" ಎನ್ನುತ್ತಿದ್ದೆ. ಅವಳು ಅತ್ತಲಿಂದ ಏನೋ ಹೇಳುತ್ತಿದ್ದಳು. ನಾನು ಅಂಕಿ ಇಳಿಯಿತೇ ಏರಿತೇ ಎಂದು ನೋಡುತ್ತಿದ್ದೆ.

ವಿಚಿತ್ರವೆಂದರೆ ಅಂಕಿ ಏರಲೂ ಇಲ್ಲ, ಇಳಿಯಲೂ ಇಲ್ಲ. ಫೋನು ಹಿಡಿದು ಬಚ್ಚಲಿಗೆ ಹೋದರೂ ಅದೇ ಅಂಕಿ! ಸಿಗ್ನಲ್ ಇಡೀ ಮನೆಗೆ ಸ್ಥಿರವಾಯಿತೆಂದು ಹಿಗ್ಗಿದೆ. ಅದೇ ವಾರ ತರಗತಿಯಲ್ಲಿ ನಾನು ಮಾಡಿದ ಪಾಠ ಹೀಗಿತ್ತು: ಟವರಿಗೂ ತನಗೂ ನಡುವಿನ ಹಾದಿ ಹೇಗಿದೆ ಎಂದು ಫೋನು ಆಗಾಗ ಅಳೆದು ಟವರಿಗೆ ವರದಿ ಒಪ್ಪಿಸಬೇಕು. ಆದರೆ ಅಳೆಯುವ ಶಕ್ತಿಗೆ ಮಿತಿ ಇದೆ. ಒಮ್ಮೆಲೇ ಹತ್ತಾರು ಅಳತೆ ಕೇಳಿದರೆ ಫೋನಿಗೆ ಕೈ ಬಿಡುವಿರುವುದಿಲ್ಲ. ಆಗ ಅದು ಹೊಸದಾಗಿ ಅಳೆಯುವ ಗೋಜಿಗೆ ಹೋಗದೆ ಹಳೆಯ ವರದಿಯನ್ನೇ ಮತ್ತೆ ಕಳಿಸಿ ಸುಮ್ಮನಾಗುತ್ತದೆ. ಪಾಠ ಬಹಳ ಚೆನ್ನಾಗಿತ್ತು. ಮನೆಗೆ ಬಂದು ಮತ್ತೆ ಹರವಿಯ ಮುಂದೆ ಕುಳಿತೆ.

ಬುಧವಾರ ಸಂಜೆ ಎಷ್ಟು ಸಲ ಹಚ್ಚಿದರೂ ಗಿರಿಜಾಳ ಫೋನು ಹತ್ತಲಿಲ್ಲ. ಹರವಿಗೆ ಇನ್ನಷ್ಟು ಒತ್ತಿಕೊಂಡು, "ಹಲೋ, ಗಿರಿಜಾ, ಎಲ್ಲಿದ್ದಿ? ಏನರೆ ಮಾತಾಡ," ಎಂದು ಅಂಗಲಾಚುತ್ತಿದ್ದೆ. ಹಿಂದಿನಿಂದ ದನಿ ಬಂತು.

"ಯಾರ ಜೋಡಿ ಮಾತಾಡಾಕತ್ತೀರಿ?"

ತಿರುಗಿದರೆ ಅವಳೇ, ಬ್ಯಾಗು ಹಿಡಿದು ನಿಂತಿದ್ದಾಳೆ. "ನಿನ್ನ ಜೋಡಿ," ಎಂದೆ.

ಹಿಂದಿನ ದಿನ ಪಾರವ್ವ ಕಿಟಕಿಯಿಂದ ನನ್ನ ಅವಸ್ಥೆ ನೋಡಿ, ಸರು ಹರವಿ ಜೋಡಿ ಮಾತಾಡಾಕತ್ತಾರ, ಲಗೂ ಬರ್ರಿ ಎಂದು ಅವಳಿಗೆ ಫೋನು ಮಾಡಿದ್ದಳಂತೆ. ಒಬ್ಬನೇ ಇದ್ದು ಗಂಡನ ತಲೆ ಕೆಟ್ಟಿತೆಂದು ಅವಳು ರಜೆ ಹಾಕಿ ಓಡಿ ಬಂದಿದ್ದಳು. ನಾನು ಆ್ಯಪು, ಅಂಕಿ, ಹರವಿಯ ಶಾಸ್ತ್ರವನ್ನೆಲ್ಲ ವಿವರಿಸಿದೆ. ಅವಳು ನಗಲಿಲ್ಲ. ನೆಲದ ಮೇಲೆ ಕುಳಿತುಬಿಟ್ಟಳು.

"ಇಲ್ಲೇ ನಮ್ಮ ತಾಲೂಕಿನ ಹಿರೇಬೆಂಡಿಗೇರಿ ಶಾಲಿ ಮಾಸ್ತರು ನನ್ನ ಜಾಗಾಕ್ಕ ಬರಾಕ ಒಪ್ಪಿದ್ರು. ಹೂಂ ಅನ್ಲೋ ಬ್ಯಾಡೋ ಅಂತ ದಿನಾ ಸಂಜಿಕ ನಿಮ್ಮನ್ನ ಕೇಳೇನಿ."

"ನಾ ಏನಂದೆ?"

"ಊಟಾತು, ಬದನಿಕಾಯಿ ಪಲ್ಯ, ಅಂದ್ರಿ."

"ಎಲ್ಲಾ ದಿನಾನೂ?"

"ಎಲ್ಲಾ ದಿನಾನೂ. ನಾ ಮನಿಗೆ ಬರೂದು ನಿಮಗ ಬ್ಯಾಡಾಗೇತಿ ಅಂದ್ಕೊಂಡೆ. ಒಲ್ಲೆ ಅಂತ ಹೇಳಿಬಿಟ್ಟೆ."

ಅಷ್ಟರಲ್ಲಿ ಆ ಮಾಸ್ತರು ಆ ಕಡೆಯದೇ ಹಿರೇಕೆರೂರಿನ ಬೇರೊಬ್ಬ ಶಿಕ್ಷಕರ ಜೊತೆ ಅದಲುಬದಲು ಮಾಡಿಕೊಂಡು ಆಗಿತ್ತು. ನನಗೆ ಅಳು ಬಂತು. ಆ ಸಂಜೆ ಚಹಾದ ಎರಡನೆಯ ಕಪ್ಪನ್ನು ಅವಳು ಬಿಸಿಯಿದ್ದಾಗಲೇ ಕುಡಿದಳು. ಬೆಳಿಗ್ಗೆ ಮೊದಲ ಬಸ್ಸಿಗೆ ಹೋದಳು.

ಅವಳು ಹೋದ ಮೇಲೆ ಆ್ಯಪುಗಳನ್ನೆಲ್ಲ ತೆಗೆದುಹಾಕಿದೆ. ಫೋನು ತಣ್ಣಗಾಯಿತು. ಸಂಜೆ ಪಡಸಾಲೆಯಲ್ಲಿ ಕುರ್ಚಿಯ ಮೇಲೆ ಮನುಷ್ಯರ ಹಾಗೆ ಕುಳಿತೇ ಮಾತಾಡಿದೆ. ಅವಳ ದನಿ ಪಕ್ಕದಲ್ಲೇ ಇದ್ದಷ್ಟು ಸ್ಪಷ್ಟವಾಗಿತ್ತು. ಏನು ಊಟ ಮಾಡಿದ್ರಿ ಎಂದು ಕೇಳಿದಳು. ಪಾರವ್ವ ಆಗಷ್ಟೇ ತಂದುಕೊಟ್ಟು ಹೋಗಿದ್ದಳು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ: ರೊಟ್ಟಿ, ಬದನೆಕಾಯಿ ಪಲ್ಯ.

ಅವಳು ನಂಬಲಿಲ್ಲ. ಕೊನೆಗೆ ಪಾರವ್ವನನ್ನು ಮತ್ತೆ ಕರೆದು ಫೋನು ಕೈಗೆ ಕೊಟ್ಟು, ಆಕೆಯ ಬಾಯಿಂದಲೇ ಹೇಳಿಸಬೇಕಾಯಿತು.