ಭಾವನ ಹದಿನಾರು ಲಾರ್ಡುಗಳು

ನಮ್ಮ ಭಾವನಿಗೆ ಹಿಡಿದಿರುವ ಕಾಯಿಲೆಗೆ ಇಡೀ ನ್ಯೂಜಿಲೆಂಡಿನಲ್ಲಿ ಔಷಧವಿಲ್ಲ! ಶುಗರ್ ಅಲ್ಲ, ಬಿ.ಪಿ. ಅಲ್ಲ. ಸ್ಕಾಟ್ಲೆಂಡಿನ ಲಾರ್ಡುಗಳು! ಮೈಸೂರಿನಲ್ಲಿ ಹುಟ್ಟಿ, ಇಲ್ಲಿನ ಅಪ್ಪರ್ ಹಟ್‌ನಲ್ಲಿ ಮನೆ ಮಾಡಿಕೊಂಡು, ನೀರಿನ ಪೈಪುಗಳ ನಕ್ಷೆ ಬರೆಯುವ ಎಂಜಿನಿಯರಿಗೆ ಈ ಸೋಂಕು ತಗಲಿದ್ದು ಹೇಗೆ ಎನ್ನುತ್ತೀರಾ? ಲೈಬ್ರರಿಯಲ್ಲಿ ಹಳೆಯ ಪುಸ್ತಕಗಳನ್ನು ವಿಲೇವಾರಿ ಮಾಡುತ್ತಿದ್ದರು. ಅಕ್ಕ ಅಡುಗೆ ಪುಸ್ತಕ ತನ್ನಿ ಎಂದು ಕಳಿಸಿದಳು. ಭಾವ ರಟ್ಟು ಕಿತ್ತುಹೋದ ಸ್ಕಾಟ್ಲೆಂಡ್ ಚರಿತ್ರೆಯ ಪುಸ್ತಕವೊಂದನ್ನು ಹೊತ್ತು ತಂದರು. ಅಂದಿನಿಂದ ಆ ಮನೆಯಲ್ಲಿ ಸಾರಿಗೆ ಉಪ್ಪು ಹೆಚ್ಚಾದರೂ ಕಡಿಮೆಯಾದರೂ ಮಾತು ಎಡಿನ್‌ಬರೋಗೇ ಹೋಗಿ ನಿಲ್ಲುತ್ತದೆ.

ಗೊತ್ತಿಲ್ಲದವರಿಗೆ ನಾನೇ ಹೇಳಿಬಿಡುತ್ತೇನೆ, ನನಗೆ ಬಾಯಿಪಾಠವಾಗಿದೆ. ಸಾವಿರದ ಏಳುನೂರ ಏಳರಲ್ಲಿ ಇಂಗ್ಲೆಂಡ್, ಸ್ಕಾಟ್ಲೆಂಡ್ ಒಂದಾದವು. ಇಂಗ್ಲೆಂಡಿನ ಲಾರ್ಡುಗಳಿಗೆ ಹುಟ್ಟಿನಿಂದಲೇ ಪಾರ್ಲಿಮೆಂಟಿನ ಮೇಲ್ಮನೆಯಲ್ಲಿ ಕುರ್ಚಿ. ಸ್ಕಾಟ್ಲೆಂಡಿನ ಲಾರ್ಡುಗಳನ್ನೆಲ್ಲ ಸೇರಿಸಿಕೊಳ್ಳಲು ಅವರಿಗೆ ಮನಸ್ಸಿಲ್ಲ. ನಿಮ್ಮೊಳಗೇ ಹದಿನಾರು ಜನರನ್ನು ಆರಿಸಿ ಕಳಿಸಿ ಎಂದರು. ಹಾಗಾಗಿ ಆ ದೊಡ್ಡ ಮನುಷ್ಯರು ಎಡಿನ್‌ಬರೋದಲ್ಲಿ ಸೇರುವರು. ಗುಮಾಸ್ತ ಹಾಜರಿ ಕರೆಯುವನು. ಒಬ್ಬೊಬ್ಬರೂ ತಮಗೆ ಬೇಕಾದ ಹದಿನಾರು ಹೆಸರುಗಳನ್ನು ಎಲ್ಲರೆದುರು ಗಟ್ಟಿಯಾಗಿ ಓದುವರು. ಗುಟ್ಟಿನ ಮತವೇ ಇಲ್ಲ!

ಭಾವನ ಪ್ರಕಾರ ಇದಕ್ಕಿಂತ ಸೊಗಸಾದ ಪದ್ಧತಿ ಭೂಮಿಯ ಮೇಲಿಲ್ಲ. ಒಮ್ಮೆ ಹತ್ತಿರದ ಪೊರಿರುವಾ ಊರಿನಲ್ಲಿ ಕನ್ನಡದವರೆಲ್ಲ ಯುಗಾದಿ ಊಟಕ್ಕೆ ಸೇರಿದ್ದಾಗ ಮುಂದಿನ ವರ್ಷದ ಹಬ್ಬದ ಸಮಿತಿ ಆರಿಸಬೇಕಿತ್ತು. ಭಾವ ಹಾಜರಿ ಪಟ್ಟಿ ಹಿಡಿದು ನಿಂತೇಬಿಟ್ಟರು. ಒಬ್ಬಟ್ಟು ಆರಿತು, ಕೋಸಂಬರಿ ನೀರು ಬಿಟ್ಟಿತು. ಕೊನೆಗೆ ತಮ್ಮ ಸರದಿ ಬಂದಾಗ ಗಂಟಲು ಸರಿಮಾಡಿಕೊಂಡು ಹದಿನಾರು ಹೆಸರು ಓದಿದರು. ಅಲ್ಲಿ ನಾವು ದೊಡ್ಡವರು ಇದ್ದದ್ದೇ ಹದಿನಾಲ್ಕು ಮಂದಿ!

"ಇನ್ನಿಬ್ರು ಯಾರು ಭಾವ?" ಎಂದೆ.

"ಒಬ್ರು ಊರಿಗೆ ಹೋಗಿದಾರೆ. ಇನ್ನೊಬ್ರಿಗೆ ವೀಸಾ ಬರ್ಬೇಕು."

ಇಂಥದಕ್ಕೆಲ್ಲ ನಗುತ್ತಿದ್ದವಳು ನಾನು. ಎರಡು ಸಾವಿರದ ಹದಿನಾಲ್ಕರ ಚಳಿಗಾಲದಲ್ಲಿ ಆ ನಗು ನಿಂತುಹೋಯಿತು. ಅಕ್ಕನ ಹೊಟ್ಟೆಯಲ್ಲಿ ಗಡ್ಡೆಯೊಂದು ಕಾಣಿಸಿತು. ತೆಗೆದು ನೋಡುವವರೆಗೆ ಏನೂ ಹೇಳಲಾಗದು ಎಂದರು ಡಾಕ್ಟರು. ಆಪರೇಷನ್ ದಿನ ಬರುವವರೆಗೆ ನಾನು ನೆಟ್ಟಗೆ ಉಣ್ಣಲಿಲ್ಲ. ಫೋನ್ ಸದ್ದಾದರೆ ಸಾಕು, ತಟ್ಟೆ ಬಿಟ್ಟು ಓಡುತ್ತಿದ್ದೆ. ಭಾವನಿಗೆ? ಲಾರ್ಡುಗಳು ಇಮ್ಮಡಿಯಾದರು! ಬ್ರಿಟನ್ನಿನಿಂದ ಬೇರೆಯಾಗಬೇಕೇ ಬೇಡವೇ ಎಂದು ಸ್ಕಾಟ್ಲೆಂಡಿನ ಜನ ಮತ ಹಾಕಲಿದ್ದ ವರ್ಷ ಅದು. ಅಕ್ಕ ಹೇಗಿದ್ದಾಳೆ ಎಂದು ಕೇಳಿದರೆ, "ಇದಾಳೆ, ಇದಾಳೆ. ಆದ್ರೆ ಅವರು ಬೇರೆ ಆಗ್ಬಿಟ್ರೆ ಲಾರ್ಡುಗಳ ಗತಿ ಏನು ಹೇಳು?" ಎನ್ನುವರು. ಈ ಮನುಷ್ಯನಿಗೆ ಹೆಂಡತಿಯ ಚಿಂತೆಯೇ ಇಲ್ಲವೇ ಎಂದು ನನಗೆ ಮೈಯೆಲ್ಲ ಉರಿಯುತ್ತಿತ್ತು.

ಆಪರೇಷನ್ನಿನ ಬೆಳಿಗ್ಗೆ ಆಸ್ಪತ್ರೆಯ ಒಂದೊಂದು ಬಾಗಿಲಲ್ಲೂ ಒಬ್ಬೊಬ್ಬ ನರ್ಸ್ ಅಕ್ಕನ ಹೆಸರು, ಹುಟ್ಟಿದ ದಿನ ಕೇಳಿ, ಕೈಪಟ್ಟಿ ನೋಡಿ ಒಳಗೆ ಬಿಡುತ್ತಿದ್ದರು. ಭಾವನ ಮುಖ ಅರಳಿತು.

"ನೋಡು, ಹೀಗಿರ್ಬೇಕು! ಆ ಲಾರ್ಡುಗಳ ಎಲೆಕ್ಷನ್ನಲ್ಲಿ ನಿರ್ವಂಶ ಆದ ಮನೆತನದ ಹೆಸರು ಕರೆದ್ರೂ ಯಾವನೋ ಎದ್ದು 'ನಾನೇ' ಅಂತ ವೋಟ್ ಹಾಕಿ ಹೋಗಿದಾನೆ!"

"ಅಪ್ಪಾ, ನಾಟ್ ನೌ, ಪ್ಲೀಸ್!" ಎಂದಳು ಅವರ ಹದಿನೈದು ವರ್ಷದ ಮಗಳು. ಕನ್ನಡವೆಲ್ಲ ಅರ್ಥವಾದರೂ ಇಂಗ್ಲಿಷಿನಲ್ಲೇ ಉತ್ತರಿಸುವವಳು ಅವಳು.

ಟ್ರಾಲಿಯ ಮೇಲೆ ಮಲಗಿದ್ದ ಅಕ್ಕ ಮಾತ್ರ ನಕ್ಕಳು. "ರೀ, ನಾನು ನಾನೇ ಕಣ್ರೀ. ಬಿಡಿ, ಕರ್ಕೊಂಡು ಹೋಗ್ಲಿ."

ಆಪರೇಷನ್ನಿಗೆ ಮೂರು ಗಂಟೆ ಸಾಕು ಎಂದಿದ್ದರು. ಕಾಯುವ ಕೋಣೆಯಲ್ಲಿ ಭಾವನ ಪಕ್ಕಕ್ಕೆ ಸಿಕ್ಕಿಬಿದ್ದವರು ಒಬ್ಬ ಮುದುಕರು. ಅವರ ಹೆಂಡತಿಯೂ ಒಳಗಿದ್ದರು. ಅವರ ಪೂರ್ವಿಕರು ಸ್ಕಾಟ್ಲೆಂಡಿನವರೆಂದು ಗೊತ್ತಾಗಿದ್ದೇ ತಡ, ಭಾವ ಹದಿನಾರು ಮಂದಿಯನ್ನೂ ಅವರ ತಲೆಯ ಮೇಲೆ ಇಳಿಸಿದರು. ಮುದುಕರು ತಾಳ್ಮೆಯಿಂದ ಕೇಳಿ, "ಮೇಟ್, ನಮ್ಮ ಮುತ್ತಜ್ಜನನ್ನು ಜಮೀನಿನಿಂದ ಓಡಿಸಿದ್ದೇ ಅಂಥ ಒಬ್ಬ ಲಾರ್ಡ್. ಅದಕ್ಕೇ ನಾವು ಹಡಗು ಹತ್ತಿ ಇಲ್ಲಿಗೆ ಬಂದದ್ದು" ಎಂದರು.

ನಾನು ನಾಚಿಕೆಯಿಂದ ಕುಗ್ಗಿಹೋದೆ. ಭಾವ ಕೇಳಿದರು: "ಆ ಲಾರ್ಡ್ ಆಯ್ಕೆ ಆಗಿದ್ನಾ, ಸೋತಿದ್ನಾ?"

ಕಾಯುತ್ತ ಕಾಯುತ್ತ ನಾಲ್ಕು ಗಂಟೆಗಳು ಕಳೆದವು. ಯಾರೂ ಹೊರಗೆ ಬರಲಿಲ್ಲ. ಮುದುಕರನ್ನು ಅವರ ಹೆಂಡತಿಯ ಬಳಿಗೆ ಕರೆದುಕೊಂಡು ಹೋದರು. ಮಗಳು ಉಗುರು ಕಚ್ಚುತ್ತಿದ್ದಳು. ಭಾವ ನನ್ನ ಕಡೆ ತಿರುಗಿ ಮತ್ತೆ ಶುರುಮಾಡಿದರು. ನನ್ನ ತಾಳ್ಮೆ ಕಿತ್ತುಹೋಯಿತು.

"ಸಾಕ್ಮಾಡಿ ಭಾವ! ಒಳಗಿರೋದು ನನ್ನಕ್ಕ. ನಿಮ್ಗೇನೂ ಅನ್ಸೋದೇ ಇಲ್ವಾ?"

ಭಾವ ಬಾಯಿ ಮುಚ್ಚಿದರು. ಅಕ್ಕನ ಮದುವೆಯಾದಂದಿನಿಂದ ನಾನು ಅವರನ್ನು ಅಷ್ಟು ಸುಮ್ಮನೆ ಕಂಡಿರಲಿಲ್ಲ. ಆಗ ನೋಡಿದೆ: ಎರಡೂ ಕೈಗಳನ್ನು ಮಂಡಿಗಳ ನಡುವೆ ಬಿಗಿಯಾಗಿ ಒತ್ತಿಕೊಂಡು ಅವರು ಬಾಗಿಲನ್ನೇ ನೋಡುತ್ತಿದ್ದರು. ಆ ಮೌನ ಅವರ ಮಾತಿಗಿಂತ ಭಯಂಕರವಾಗಿತ್ತು! ಐದು ನಿಮಿಷ ತಡೆದೆ, ಆಗಲಿಲ್ಲ.

"ಕೊನೆಗೆ ಏನಾಯ್ತು ಭಾವ, ಆ ಎಲೆಕ್ಷನ್ನು?"

"ಸಾವಿರದ ಒಂಬೈನೂರ ಅರವತ್ಮೂರ್ರಲ್ಲಿ ಕಾನೂನು ಮಾಡಿದ್ರು ಕಣಮ್ಮ. ಎಲ್ಲರಿಗೂ ಸೀಟು ಕೊಟ್ರು. ಆರ್ಸೋದೇ ನಿಂತೋಯ್ತು. ಆಮೇಲೆ... ಆಮೇಲೆ..."

ಮುಂದಿನದು ಅವರಿಗೆ ಹೊಳೆಯಲಿಲ್ಲ. ಅಷ್ಟರಲ್ಲಿ ಡಾಕ್ಟರು ಬಂದರು. ಗಡ್ಡೆ ಪೂರ್ತಿ ಬಂದಿದೆ, ನೋಡಿದರೆ ಕೆಟ್ಟದ್ದೆನಿಸುವುದಿಲ್ಲ, ಆದರೂ ಲ್ಯಾಬಿನ ವರದಿಗೆ ಒಂದು ವಾರ ಕಾಯಬೇಕು ಎಂದರು. ಅಕ್ಕನನ್ನು ನೋಡಬಹುದೆಂದು ನರ್ಸ್ ಕರೆದಾಗ ಭಾವ ಬಾಗಿಲಲ್ಲೇ ನಿಂತುಬಿಟ್ಟರು.

"ನೀನು ಹೋಗಿ ನೋಡು. ಉಸಿರಾಡ್ತಿದಾಳಾ ಹೇಳು. ಆಮೇಲೆ ಬರ್ತೀನಿ."

ಹೋಗಿ ನೋಡಿ ಬಂದು, "ಆಡ್ತಿದಾಳೆ ಭಾವ, ಬನ್ನಿ" ಎಂದೆ. ಆ ಐವತ್ತೆರಡು ವರ್ಷದ ಮನುಷ್ಯ ಗೋಡೆಗೆ ಮುಖವಿಟ್ಟು ಬಿಕ್ಕಿದರು. ಮಗಳು ಬೆನ್ನು ಸವರಿದಳು.

ಒಳಗೆ ಅಕ್ಕನ ಪಾದವೊಂದು ಹೊದಿಕೆಯಿಂದ ಹೊರಗೆ ಬಂದಿತ್ತು. ಭಾವ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತರು. ಅಕ್ಕ ಕಣ್ಣು ತೆರೆಯದೆಯೇ ಗೊಣಗಿದಳು: "ನಿಮ್ ಕೈಯೇ ಐಸ್ ಆಗಿದೆ, ಬಿಡ್ರೀ."

ಭಾವ ಬಿಡಲಿಲ್ಲ.